ಬಾವಿಗೆ ಬಿದ್ದ ನನ್ನ ನಂಬರು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೀವು ಎಡಕ್ಕಾಗಲಿ ಬಲಕ್ಕಾಗಲಿ ನಾಲ್ಕು ಹೆಜ್ಜೆ ನಡೆಯಿರಿ, ಒಂದಾದರೂ ಫ್ಲೆಕ್ಸ್ ನಿಮ್ಮನ್ನು ನೋಡಿ ನಗುತ್ತದೆ. ಯಾರದೋ ಹುಟ್ಟುಹಬ್ಬ, ಯಾರದೋ ಗೃಹಪ್ರವೇಶ, ಯಾರೋ ಯಾವುದೋ ಸಂಘಕ್ಕೆ ಅವಿರೋಧವಾಗಿ ಆಯ್ಕೆಯಾದ ಸಂತೋಷ. ಆ ಮುಖಗಳನ್ನು ಬಿಡಿ. ಕೆಳಗೆ ಬಲಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಅಂಗಡಿಯ ಹೆಸರು, ಅದರ ಪಕ್ಕ ಹತ್ತಂಕಿಯ ಮೊಬೈಲ್ ನಂಬರು ಇರುತ್ತದಲ್ಲ, ಅದು ನಾನು.

ನಾನು ಮಾಡಿದ ಪ್ರತಿಯೊಂದು ಬ್ಯಾನರಿನ ಮೂಲೆಯಲ್ಲೂ ಈ ನಂಬರು ಇದೆ. ನಮ್ಮ ಕಸುಬಿನಲ್ಲಿ ಅದೊಂದು ಪದ್ಧತಿ. ಗಿರಾಕಿ ಬೇಡವೆಂದರೂ ಹಾಕುತ್ತೇವೆ. ತೀರ ಹಟ ಹಿಡಿದರೆ ಇನ್ನಷ್ಟು ಸಣ್ಣದು ಮಾಡಿ ಹಾಕುತ್ತೇವೆ. ಒಂದು ಶ್ರದ್ಧಾಂಜಲಿ ಬ್ಯಾನರಿನಲ್ಲೂ ನನ್ನ ನಂಬರು ಕಂಡು ನನ್ನ ಹೆಂಡತಿ ಕೇಳಿದ್ದಳು, "ಸತ್ತವರ ಫೋಟೋದ ಕೆಳಗ ನಿಮ್ಮ ನಂಬರ್ ಯಾಕ್ರೀ? ಅಲ್ಲಿಂದ ಯಾರರ ಫೋನ್ ಮಾಡತಾರೇನು?" ಆದರೂ ಹಾಕುವುದನ್ನು ನಾನು ಬಿಡಲಿಲ್ಲ. ಆ ನಂಬರನ್ನು ಓದಿಕೊಂಡು ಫೋನು ಮಾಡಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬಾಕೆಯ ವಿಷಯ ಹೇಳಬೇಕೆಂದೇ ಈಗ ಕೂತಿದ್ದೇನೆ.

ಹೋದ ಬೇಸಿಗೆಯ ಒಂದು ಸೋಮವಾರ. ಅಂಗಡಿಯ ಶಟರ್ ಎತ್ತಿ, ಚಹಾದ ಮೊದಲ ಗುಟುಕು ಕುಡಿದಿದ್ದೆ.

"ಹಲೋ, ಫ್ಲೆಕ್ಸ್ ಅಂಗಡಿಯವ್ರೇನ್ರಿ?"

"ಹೌದ್ರಿ, ಹೇಳ್ರಿ."

"ನಿಮ್ಮ ಸಾಮಾನು ಒಂದಿಷ್ಟು ನಮ್ಮೂರ ಬಾವ್ಯಾಗ ಬಿದ್ದೈತ್ರಿ. ಬಂದು ಒಯ್ರಿ."

ಯಾವ ಸಾಮಾನು ಎಂದು ಕೇಳಿದೆ. ಬಂದರೆ ಗೊತ್ತಾಗುತ್ತದೆ ಎಂದಳು. ಹೆಸರು ನಾಗವ್ವ, ಮಹಿಳಾ ಸಂಘದಾಕೆ ಎಂದು ಹೇಳಿ ಊರಿನ ಹೆಸರನ್ನೂ ಹೇಳಿದಳು. ಸುರೇಬಾನದ ಸುತ್ತಮುತ್ತಲಿನ ಒಂದು ಹಳ್ಳಿ. ಅದರ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ಆ ಊರಿನವರು ನನ್ನ ಅಂಗಡಿಗೇ ಬಂದು ಕೂರುತ್ತಾರೆ. ಅದರ ಹಿಂದಿನ ತಿಂಗಳು ಆ ಕಡೆ ಬ್ಯಾನರು ಕಟ್ಟಲು ಕಳಿಸಿದ್ದ ಕೂಲಿ ಹುಡುಗರು ನಮ್ಮ ಏಣಿಯನ್ನು ಎಲ್ಲೋ ಬಿಟ್ಟು ಬಂದಿದ್ದರು. ಏಣಿ ಸಿಕ್ಕಿತು ಎಂದು ಖುಷಿಯಾಗಿ ಬೈಕಿಗೆ ಹಗ್ಗ ಕಟ್ಟಿಕೊಂಡು ಹೊರಟೆ.

ಸವದತ್ತಿ ದಾಟಿದ ಮೇಲೆ ರಸ್ತೆ ಉದ್ದಕ್ಕೆ ಬಿದ್ದಿರುತ್ತದೆ. ಬೈಕ್ ಮೇಲೆ ಒಬ್ಬನೇ ಕೂತರೆ ತಲೆ ಹಿಂದಕ್ಕೆ ಓಡುತ್ತದೆ. ನಾನು ಈ ಕಸುಬಿಗೆ ಬಂದದ್ದು ಎತ್ತಿನ ಕೋಡಿನಿಂದ. ಕಾರಹುಣ್ಣಿಮೆಯ ದಿನ ನಮ್ಮಪ್ಪ ಎತ್ತುಗಳ ಮೈ ತೊಳೆದು ನಿಲ್ಲಿಸಿದರೆ ಕೋಡಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಬೇರೆಯವರ ಎತ್ತಿಗೆ ಕೋಡು ತುಂಬ ಒಂದೇ ಕೆಂಪು. ನಮ್ಮ ಎತ್ತಿಗೆ ಮಾತ್ರ ಹಸಿರು ಪಟ್ಟೆ, ಹಳದಿ ಚುಕ್ಕೆ, ತುದಿಗೆ ನೀಲಿ. ಎತ್ತು ಒಮ್ಮೆ ತಲೆ ಕೊಡವಿತೆಂದರೆ ಅಷ್ಟೂ ಬಣ್ಣ ನನ್ನ ಮುಖದ ಮೇಲೆ. ಆದರೂ ಅಂಥ ಗಿರಾಕಿ ನನಗೆ ಮತ್ತೆ ಸಿಗಲಿಲ್ಲ. "ಬಣ್ಣ ಸ್ವಲ್ಪ ಎತ್ತಿ ಕೊಡ್ರಿ, ಅಕ್ಷರ ದೊಡ್ಡದು ಮಾಡ್ರಿ" ಎಂದು ಅದು ಒಮ್ಮೆಯೂ ಹೇಳಲಿಲ್ಲ.

ಅದನ್ನು ನೋಡಿಯೇ ನಮ್ಮೂರ ಪೇಂಟರ್ ಮಾಮಾ ನನ್ನನ್ನು ಕರೆದುಕೊಂಡರು. ಅಂಗಡಿ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಬದಿ ಎಲ್ಲ ಅವರ ಕೈಬರಹವೇ. ಅವರದೊಂದು ವಿಚಿತ್ರ ನೇಮವಿತ್ತು. ಗೋಡೆಯ ಮೇಲೆ ಹೊಸದು ಬರೆಯುವ ಮೊದಲು ಹಳೆಯದನ್ನು ತಾವೇ ಕೆರೆಯಬೇಕು, ತಾವೇ ತೊಳೆಯಬೇಕು, ತಾವೇ ಸುಣ್ಣ ಬಳಿಯಬೇಕು. ಬರೆಯುವುದು ಅರ್ಧ ದಿನ, ಅಳಿಸುವುದು ಎರಡು ದಿನ. ನನಗೆ ರೇಗುತ್ತಿತ್ತು. "ಅದರ ಮ್ಯಾಲೇ ಬಳದ್ರ ಆತಲ್ರೀ ಮಾಮಾ" ಎಂದರೆ, "ಬರದಾವ ನಾನಲೇ. ಅಳಸಾಕ ಮತ್ತೊಬ್ಬ ಬರಬೇಕೇನು?" ಎನ್ನುತ್ತಿದ್ದರು. ಫ್ಲೆಕ್ಸ್ ಮಷಿನ್ ಬಂದ ಮೇಲೆ ಅಳಿಸುವ ಪ್ರಶ್ನೆಯೇ ಉಳಿಯಲಿಲ್ಲ. ಒಂದು ಬಟನ್ ಒತ್ತಿದರೆ ಹತ್ತಡಿ ಉದ್ದದ ನಗು ಹೊರಬರುತ್ತದೆ. ಹಳೆಯದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಈಗ ನನ್ನದು ಡಿಸೈನ್ ಕಂಪನಿ. ಬೋರ್ಡಿನ ಮೇಲೆ ಹಾಗೇ ಬರೆದಿದ್ದೇನೆ. ಕಂಪನಿ ಎಂದರೆ ನಾನು, ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುವ ಸುಷ್ಮಾ, ಎರಡು ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಒಂದು ಮಷಿನ್. ಹುಟ್ಟುಹಬ್ಬದ ಬ್ಯಾನರಿನಲ್ಲಿ ನಡುವೆ ಒಂದು ದೊಡ್ಡ ಮುಖ, ಕೆಳಗೆ "ಶುಭ ಕೋರುವವರು" ಎಂಬ ಸಾಲಿನಲ್ಲಿ ಇಪ್ಪತ್ತು ಸಣ್ಣ ಮುಖ. ಅವೆಲ್ಲ ಸಮ ಇರಬೇಕು. ಇಲ್ಲದಿದ್ದರೆ ಮಾರನೆಯ ದಿನವೇ ಯಾರಾದರೂ ಬಂದು, ಸ್ಕ್ರೀನಿನ ಮೇಲೆ ಬೆರಳಿಟ್ಟು ಅಳೆದು, "ಅವನ ತಲಿ ನನ್ನ ತಲಿಗಿಂತ ಎರಡು ಬೆರಳು ದೊಡ್ಡದು ಆಗೇತಲ್ರಿ" ಎಂದು ಜಗಳಕ್ಕೆ ನಿಲ್ಲುತ್ತಾರೆ. ನನ್ನ ಆಯುಷ್ಯದ ಒಂದು ಭಾಗ ಊರೂರ ತಲೆಗಳನ್ನು ಸಮ ಮಾಡುವುದರಲ್ಲೇ ಕಳೆದಿದೆ.

ಆ ಊರು ಮುಟ್ಟಿದಾಗ ಬಿಸಿಲು ಏರಿತ್ತು. ಊರ ಹೊರಗೆ ಮೆಟ್ಟಿಲಿಳಿದು ನೀರು ತುಂಬುವ ಹಳೆಯ ಬಾವಿ. ಪಕ್ಕದಲ್ಲಿ ಪಾಳುಬಿದ್ದ ಪಂಪ್‌ಹೌಸು. ನಾಲ್ಕೈದು ಹೆಂಗಸರು ಕೂತಿದ್ದರು. ಏಣಿ ಎಲ್ಲೂ ಕಾಣಲಿಲ್ಲ. ಅವರ ಮುಂದೆ ರಾಡಿ ಮೆತ್ತಿದ ಫ್ಲೆಕ್ಸುಗಳ ಒಂದು ಗುಡ್ಡೆ ಇತ್ತು. ಒಂದರೊಳಗಿಂದ ಅರ್ಧ ಮೀಸೆ, ಇನ್ನೊಂದರೊಳಗಿಂದ ಮುಗಿದ ಎರಡು ಕೈ. ಮದುವೆಗೆ ಕಟ್ಟಿದ್ದು, ಜಯಂತಿಗೆ ಕಟ್ಟಿದ್ದು, ಗಾಳಿಗೆ ಹರಿದದ್ದು, ಮೇವಿನ ಬಣವೆಗೆ ಹೊದಿಸಿ ಆಮೇಲೆ ಎಸೆದದ್ದು ಎಲ್ಲ ಕೊನೆಗೆ ಬಂದು ಸೇರಿದ್ದು ಆ ಬಾವಿಗೆ. ನಾಗವ್ವ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು.

"ಬರ್ರಿ ಅಣ್ಣಾರ. ಎಲ್ಲಾದರ ಮ್ಯಾಲೂ ಬ್ಯಾರೆ ಬ್ಯಾರೆ ಮುಖ ಅದಾವ್ರಿ. ನಂಬರ್ ಮಾತ್ರ ಒಂದ. ಅದಕ್ಕ ನಿಮಗ ಫೋನ್ ಹಚ್ಚಿದ್ವಿ."

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಗಲು ನೋಡಿದೆ, ನಗು ಬರಲಿಲ್ಲ. ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ನಾನೇನು ಬಾವಿಗೆ ಎಸೆದೆನೇ ಎಂದು ವಾದಿಸಬಹುದಿತ್ತು. ಆದರೆ ಆ ಗುಡ್ಡೆಯ ಮೇಲೆ ಏಳೆಂಟು ಕಡೆ ನನ್ನದೇ ನಂಬರು ಕಾಣುತ್ತಿರುವಾಗ ವಾದ ಎಲ್ಲಿಂದ ತರುವುದು?

ವಿಷಯ ನಾಗವ್ವನೇ ಹೇಳಿದಳು. ಊರಿನ ಬೋರ್‌ವೆಲ್ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ. ಊರಿಗೆಲ್ಲ ಸಿಹಿನೀರು ಈ ಒಂದೇ ಬಾವಿಯದು. ಕೆಲವು ವರ್ಷಗಳಿಂದ ಅದು ಕಸದ ತೊಟ್ಟಿಯಾಗಿದೆ. ಹೇಗಿದ್ದರೂ ಹೊಲಸು, ಮಣ್ಣು ಹಾಕಿ ಮುಚ್ಚಿ ಮೇಲೊಂದು ವಾಹನ ನಿಲ್ಲಿಸುವ ಕಟ್ಟೆ ಕಟ್ಟಿಬಿಡೋಣ ಎಂದು ಊರಿನ ದೊಡ್ಡವರು ಮಾತಾಡಿಕೊಂಡಿದ್ದಾರೆ. ಗ್ರಾಮಸಭೆಗೆ ಇನ್ನು ಐದು ಭಾನುವಾರ ಉಳಿದಿವೆ. ಅಷ್ಟರೊಳಗೆ ಹೂಳೆತ್ತಿ ಸ್ವಚ್ಛ ನೀರು ತೋರಿಸಿದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ನಾವು ಎಂಟು ಮಂದಿ ಅದೇವ್ರಿ. ಎಂಟು ಮಂದಿ ಕೈಲೆ ಆಗೂ ಕೆಲಸ ಅಲ್ಲ ಇದು. ಊರವರು ಬಂದು ನೋಡತಾರು, ಹೋಗತಾರು. ಬುಟ್ಟಿ ಯಾರೂ ಹಿಡಿಯವಲ್ಲರು."

ನಾನು ತಕ್ಷಣ ಉದಾರಿಯಾದೆ. "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. 'ಬಾವಿ ಉಳಿಸಿ' ಅಂತ ಒಂದು ದೊಡ್ಡ ಫ್ಲೆಕ್ಸ್ ಫ್ರೀ ಹೊಡದು ಕೊಡತೇನಿ."

ನಾಗವ್ವ ರಾಡಿಯ ಗುಡ್ಡೆಯ ಕಡೆ ಕೈ ತೋರಿಸಿದಳು. "ಅದೂ ಇಲ್ಲೇ ಬಂದು ಬೀಳತೈತಲ್ರೀ, ಅಣ್ಣಾರ" ಎಂದಳು.

ಏಣಿಗೆಂದು ತಂದಿದ್ದ ಹಗ್ಗದಿಂದ ಆ ಗುಡ್ಡೆಯನ್ನೇ ಬೈಕಿಗೆ ಕಟ್ಟಿಕೊಂಡು ವಾಪಸ್ಸು ಬಂದೆ. ದಾರಿಯುದ್ದಕ್ಕೂ ಜನ ನೋಡಿದರು. ಹಿಂದಿನ ಸೀಟಿನಲ್ಲಿ ಯಾರೋ ಕೈ ಮುಗಿದುಕೊಂಡು ಬರುತ್ತಿದ್ದಾರೆಂದು ಅವರಿಗೆ ಅನ್ನಿಸಿರಬೇಕು.

ಅಂದು ಸಂಜೆಯೇ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಈ ಬಾವಿ ಮುಚ್ಚಬಾರದು. ಐದು ಭಾನುವಾರವೂ ನಾನಲ್ಲಿರಬೇಕು. ಬುಟ್ಟಿ ಹಿಡಿಯುವುದಷ್ಟೇ ಅಲ್ಲ, ನನ್ನ ಕಸುಬಿನಿಂದ ಏನಾಗುತ್ತದೋ ಅದನ್ನೂ ಮಾಡಬೇಕು. ಸುಷ್ಮಾಳಿಗೆ ಹೇಳಿದೆ. ಅವಳು ಉತ್ಸಾಹದಿಂದ ಅರ್ಧ ತಾಸಿನಲ್ಲಿ ಒಂದು ಪೋಸ್ಟರು ಮಾಡಿದಳು. ಎರಡು ಅಂಗೈ ನಡುವೆ ಹಸಿರು ಭೂಗೋಳ, ಮೇಲೆ ಒಂದು ಹನಿ ನೀರು. ಕಾಗದದ ಮೇಲೆ ತೆಗೆದು ಮೊದಲ ಭಾನುವಾರ ಒಯ್ದು ತೋರಿಸಿದೆ. ಹೆಂಗಸರು ಸುತ್ತ ಕೂಡಿದರು.

"ಇವು ಯಾರ ಕೈ ರೀ?" ಒಬ್ಬಾಕೆ ಕೇಳಿದಳು.

"ಯಾರವೂ ಅಲ್ರಿ. ಇಂಟರ್ನೆಟ್ಟಿನ್ಯಾವು."

"ಅದಕ್ಕ ಇಷ್ಟು ಮೆತ್ತಗ ಅದಾವು. ಇವು ಬುಟ್ಟಿ ಹಿಡದ ಕೈ ಅಲ್ಲ ಬಿಡ್ರಿ."

ಪೋಸ್ಟರನ್ನು ಮಡಚಿ ಕಿಸೆಗಿಟ್ಟೆ. ಅವತ್ತು ಹನ್ನೊಂದು ಜನ ಸೇರಿ ಎರಡು ಮೆಟ್ಟಿಲು ಕಾಣುವಷ್ಟು ಹೂಳು ತೆಗೆದೆವು. ನನ್ನ ಸೊಂಟ ಮೂರು ದಿನ ನನ್ನದಾಗಿರಲಿಲ್ಲ.

ಆ ವಾರ ಕಿತ್ತೂರಿಗೆ ಒಂದು ಆರ್ಡರು ಕೊಡಲು ಹೋದವನು ಪಕ್ಕದ ದೇಗಾಂವದ ಹಳೆಯ ಕಲ್ಲಿನ ಗುಡಿಗೂ ಹೋಗಿಬಂದೆ. ಕಲ್ಲಿನ ಮೇಲಿನ ಕೆತ್ತನೆ ನೋಡುತ್ತ ನಿಂತಿದ್ದಾಗ ಅಲ್ಲಿದ್ದ ಒಬ್ಬ ಹಿರಿಯರು, ಕಟ್ಟಿದ ಶಿಲ್ಪಿಯ ಹೆಸರೂ ಶಾಸನದಲ್ಲಿ ಇದೆಯಂತೆ ಎಂದರು. ನನಗೆ ಒಳಗೊಳಗೇ ಸಂತೋಷವಾಯಿತು. ಅವನೂ ನಮ್ಮವನೇ, ಮೂಲೆಯಲ್ಲಿ ಹೆಸರು ಹಾಕಿದ್ದಾನೆ! ಆಮೇಲೆ ಸಂತೋಷ ಇಳಿಯಿತು. ಅವನ ಕೆಲಸ ಯಾರ ಬಾವಿಗೂ ಬಿದ್ದಿಲ್ಲ. ಅವನು ಮಾಡಿದ ಕೆಲಸಕ್ಕೆ ಹೆಸರು ಬಂತು, ನಾನು ಹೆಸರು ಹಾಕುವುದನ್ನೇ ಕೆಲಸ ಮಾಡಿಕೊಂಡೆ. ಅಲ್ಲೇ ನಿಂತಾಗ ತಲೆಗೆ ಹೊಳೆಯಿತು. ನಮ್ಮ ಕಡೆಯ ಜನಕ್ಕೆ ಭೂಗೋಳ ಬೇಡ, ಹನಿ ಬೇಡ. ಶುಭ ಕೋರುವವರ ಸಾಲಿನಲ್ಲಿ ಒಂದು ಜಾಗ ಬೇಕು. ಅದಕ್ಕಾಗಿ ಬೆರಳಿಟ್ಟು ಅಳೆಯುತ್ತಾರೆ, ಜಗಳಾಡುತ್ತಾರೆ. ಆ ಜಗಳವನ್ನು ನಾನು ಬಾವಿಗೆ ತಿರುಗಿಸಬೇಕು.

ಎರಡನೆಯ ಭಾನುವಾರ ಪಂಪ್‌ಹೌಸಿನ ಗೋಡೆ ಕೆರೆದು, ತೊಳೆದು, ಸುಣ್ಣ ಬಳಿದೆ. ಕೆಮ್ಮಣ್ಣಿಗೆ ಬೇವಿನ ಅಂಟು ಕಲಸಿ, ಎಷ್ಟೋ ವರ್ಷದ ಮೇಲೆ ಕುಂಚ ಹಿಡಿದೆ. ಮೇಲೆ "ಬಾವಿಯ ಹೂಳು ಹೊತ್ತವರು" ಎಂದು ಬರೆದು, ಕೆಳಗೆ ನಾಗವ್ವನಿಂದ ಹಿಡಿದು ಹನ್ನೊಂದು ಹೆಸರು ಬರೆದೆ. ಎಲ್ಲ ಅಕ್ಷರ ನಾಲ್ಕು ಬೆರಳು ಎತ್ತರ, ಒಂದು ಕೂದಲೆಳೆಯೂ ಹೆಚ್ಚಿಲ್ಲ ಕಡಿಮೆಯಿಲ್ಲ. ಬುಟ್ಟಿ ಹಿಡಿದವರ ಹೆಸರು ಮಾತ್ರ ಇಲ್ಲಿ ಬರುತ್ತದೆ ಎಂದು ನಾಗವ್ವ ಊರೆಲ್ಲ ಸಾರಿದಳು.

ಮಧ್ಯಾಹ್ನದೊಳಗೆ ಗೋಡೆಯ ಮುಂದೆ ಜನ. "ಪಾರವ್ವನ ಹೆಸರ್ಯಾಕ ಐತಿ? ಆಕಿ ಏನ್ ಹೊತ್ತಾಳು?" ಎಂದು ಒಬ್ಬ. "ನೀ ಏನ್ ಹೊತ್ತೀ?" ಎಂದು ಪಾರವ್ವ. ಆ ಒಬ್ಬ ಶರ್ಟು ಬಿಚ್ಚಿಟ್ಟು ಬಾವಿಗೆ ಇಳಿದ. ಅವನ ಹಿಂದೆ ಅವನ ದಾಯಾದಿ, ಏಕೆಂದರೆ ಇವನ ಹೆಸರು ಬಂದು ಅವನ ಹೆಸರು ಬರದಿದ್ದರೆ ಮನೆಯಲ್ಲಿ ಊಟ ಇಳಿಯುತ್ತಿರಲಿಲ್ಲ. ಮೂರನೆಯ ಭಾನುವಾರ ಮೆಟ್ಟಿಲ ಮೇಲೆ ಬುಟ್ಟಿ ದಾಟಿಸುವ ಸಾಲು ಬಾವಿಯ ತಳದಿಂದ ರಸ್ತೆಯ ತನಕ ಬೆಳೆದಿತ್ತು. ನಾನು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕುಂಚ ಹಿಡಿದು ಓಡಾಡಿದೆ.

ತೊಡಕು ಬಂದದ್ದು ನಾಲ್ಕನೆಯ ಭಾನುವಾರ. ಆ ಊರಿನ ಪಂಚಾಯ್ತಿ ಮೇಂಬರರು ಕಾರು ನಿಲ್ಲಿಸಿ ಇಳಿದರು. ಆ ಭಾಗದಲ್ಲಿ ನನ್ನ ಎಲ್ಲಕ್ಕಿಂತ ದೊಡ್ಡ ಗಿರಾಕಿ ಅವರೇ. ಬಾವಿ ಮುಚ್ಚಬೇಕೆಂಬ ಮಾತು ಮೊದಲು ಎತ್ತಿದವರೂ ಅವರೇ. ಗೋಡೆಯನ್ನು ಮೇಲಿಂದ ಕೆಳಗೆ ಓದಿದರು.

"ಚೊಲೊ ಮಾಡೀದಿ. ಮ್ಯಾಲ ದೊಡ್ಡ ಅಕ್ಷರದಾಗ ನಮ್ಮ ಹೆಸರು ಹಾಕು. 'ಇವರ ನೇತೃತ್ವದಲ್ಲಿ' ಅಂತ. ಸಭಾದಾಗ ನಾ ಬಾವಿ ಕಡೆನ ಮಾತಾಡತೇನಿ."

ಎಲ್ಲರ ಬುಟ್ಟಿಗಳೂ ನಿಂತವು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕೈ ಕೆಮ್ಮಣ್ಣಿನ ಡಬ್ಬಿಯ ಕಡೆಗೆ ಅರ್ಧ ಹೋಗಿತ್ತು. ಒಂದು ಸಾಲು ಬರೆದರೆ ಬಾವಿ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾರೆ. ಆದರೆ ಮೆಟ್ಟಿಲ ಮೇಲೆ ನಿಂತವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಸಾಲು ಬಿದ್ದ ಗಳಿಗೆಯಿಂದ ಇದು ಮತ್ತೊಂದು ಫ್ಲೆಕ್ಸ್, ಮುಂದಿನ ವಾರ ಬುಟ್ಟಿ ಹಿಡಿಯಲು ಯಾರೂ ಬರುವುದಿಲ್ಲ ಎಂಬುದು ನನಗೆ ಖಚಿತವಿತ್ತು.

"ಸಾಹೇಬ್ರ, ಒಂದು ಬುಟ್ಟಿ ಹಿಡೀರಿ, ಬರೀತೇನಿ. ಎಲ್ಲಾರಂಗ ನಾಲ್ಕು ಬೆರಳ ಅಕ್ಷರದಾಗ, ಕೆಳಗಿನ ಸಾಲಿನ್ಯಾಗ" ಎಂದೆ.

ಅವರ ಮುಖ ಕೆಂಪಾಯಿತು. "ಸಭಾದಾಗ ನೋಡೂಣು" ಎಂದು ಕಾರು ಹತ್ತಿದರು. ನಾಗವ್ವ ನನ್ನ ಹತ್ತಿರ ಬಂದು, "ಚೊಲೊ ಮಾಡಿದ್ರಿ ಅಣ್ಣಾರ. ಖರೇ ಅಂದ್ರ, ಬಾವಿ ಹೋತು" ಎಂದಳು. ಬುಟ್ಟಿ ಎತ್ತಿಕೊಂಡು ಸಾಲಿನಲ್ಲಿ ನಿಂತೆ. ಎಲ್ಲರೂ ನಿಂತರು. ಬಾವಿ ಹೋಗುವುದಾದರೆ ಸ್ವಚ್ಛವಾಗಿಯೇ ಹೋಗಲಿ ಎಂಬಂತೆ ಅವತ್ತು ಕತ್ತಲಾಗುವ ತನಕ ದುಡಿದೆವು.

ಐದನೆಯ ಭಾನುವಾರ ತಳದ ಬಂಡೆ ಕಂಡಿತು. ಬಂಡೆಯ ಸಂದಿನಿಂದ ತಿಳಿನೀರು ಒಸರತೊಡಗಿತು. ಅದೇ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಮೇಂಬರರ ತಾಯಿ ಎಂದು ನಾಗವ್ವ ನನ್ನ ಕಿವಿಯಲ್ಲಿ ಹೇಳಿದಳು. ಮುದುಕಿ ಮೇಲಿನ ಮೆಟ್ಟಿಲ ಮೇಲೆ ಕೂತು ಸಾಲಿಗೆ ಸೇರಿಕೊಂಡಳು. ಕೆಳಗಿನಿಂದ ಬಂದ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಆಚೆಗೆ ದಾಟಿಸಿದಳು. ಹಾಗೆ ಹತ್ತು ಬುಟ್ಟಿ. ಬೇಡವೆಂದರೂ ಏಳಲಿಲ್ಲ. ಆಮೇಲೆ ರಾಡಿ ಸೀರೆಯಲ್ಲೇ ಗೋಡೆಯ ಹತ್ತಿರ ಬಂದಳು.

"ಬರಿ ತಮ್ಮಾ, ನನ್ನ ಹೆಸರು."

"ಏನಂತ ಬರೀಲ್ರಿ ಆಯಿ?"

"ಕಲ್ಲವ್ವ. ಬರೇ ಕಲ್ಲವ್ವ. ಇಂಥವರ ಹೇಣತಿ, ಇಂಥವರ ಅವ್ವ ಅಂತ ಏನೂ ಬ್ಯಾಡ. ಅದೆಲ್ಲಾ ಕಾಗದಪತ್ರದಾಗ ಐತಿ."

ಆಗ ನನಗೆ ನೆನಪಾಯಿತು. ಅವಳ ಮಗನ ಹುಟ್ಟುಹಬ್ಬಕ್ಕೆ ವರ್ಷ ವರ್ಷ ಬ್ಯಾನರು ಮಾಡಿದ್ದೇನೆ. ಊರಿನವರ, ಪಕ್ಕದೂರಿನವರ, ಎಂದೂ ನೋಡದವರ ಮುಖಗಳನ್ನೆಲ್ಲ ಸಮ ಮಾಡಿ ಕೂರಿಸಿದ್ದೇನೆ. ಹೆತ್ತವಳ ಮುಖವನ್ನು ಯಾರೂ ತಂದು ಕೊಡಲಿಲ್ಲ, ನಾನೂ ಕೇಳಲಿಲ್ಲ. ಕುಂಚ ಅದ್ದಿ ಬರೆದೆ. ಅವಳಿಗೆ ಓದು ಬಾರದು. ಯಾವುದು ತನ್ನ ಹೆಸರೆಂದು ಕೇಳಿ, ತೋರಿಸಿದ ಮೇಲೆ, ಹಸಿ ಅಕ್ಷರದ ಪಕ್ಕ ನಾಲ್ಕು ಬೆರಳಿಟ್ಟು ಅಳೆದಳು. ಆಮೇಲೆ ನಾಗವ್ವನ ಹೆಸರಿಗೂ ಇಟ್ಟು ನೋಡಿ ತಲೆಯಾಡಿಸಿದಳು.

ಗ್ರಾಮಸಭೆಯ ದಿನ ನಾನು ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಹೊರಗಿನವನು, ಬಾಯಿ ತೆರೆಯುವ ಹಕ್ಕಿಲ್ಲ. ಬಾವಿಯ ವಿಷಯ ಬಂತು. ಮೇಂಬರರು ಎದ್ದರು. ಹಳೇ ಬಾವಿ ಅಪಾಯ, ಮಕ್ಕಳು ಬೀಳುತ್ತಾರೆ, ಈಗ ತೊಳೆದರೂ ನಾಳೆ ಮತ್ತೆ ಹೊಲಸಾಗುತ್ತದೆ, ಮುಚ್ಚುವುದೇ ಸರಿ ಎಂದು ನಿಧಾನವಾಗಿ ಹೇಳಿದರು. ಮಾತು ಚೆನ್ನಾಗಿತ್ತು. ನಾಲ್ಕು ಜನ ಹೌದೆಂದರು. ನಾಗವ್ವ ನೆಲ ನೋಡುತ್ತಿದ್ದಳು. ಆಗ ಹೆಂಗಸರ ನಡುವಿನಿಂದ ಕಲ್ಲವ್ವ ಕೋಲೂರಿ ಎದ್ದಳು.

"ಮುಚ್ರಿ. ಮುಚ್ಚೂಕಿಂತ ಮದ್ಲ ಆ ಗ್ವಾಡಿ ಮ್ಯಾಲ ನನ್ನ ಹೆಸರೈತಿ, ಅದನ್ನ ಅಳಸ್ರಿ. ಯಾಂವ ಅಳಸತಾನು, ಎದ್ದು ನಿಂದರ್ರಿ. ನೋಡತೇನಿ."

ಯಾರೂ ಏಳಲಿಲ್ಲ. ಗೋಡೆಯ ಮೇಲೆ ಹೆಸರಿದ್ದವರೇ ಆ ಸಭೆಯಲ್ಲಿ ಮುಕ್ಕಾಲು ಜನ. ಒಬ್ಬೊಬ್ಬರೇ, "ನಂದೂ ಐತಿ", "ನಂದೂ" ಎಂದು ಎದ್ದು ನಿಂತರು. ಮೇಂಬರರು ತಾಯಿಯ ಕಡೆಗೊಮ್ಮೆ ನೋಡಿ ಕುರ್ಚಿಯಲ್ಲಿ ಕೂತು, "ವಿಷಯ ಬಿಡ್ರಿ, ಮುಂದಿಂದು ತಗೋರಿ" ಎಂದರು.

ಬಾವಿ ಉಳಿಯಿತು. ಆ ಮೇಂಬರರು ಈಗ ಬೇರೆ ಅಂಗಡಿಯಲ್ಲಿ ಬ್ಯಾನರು ಮಾಡಿಸುತ್ತಾರೆ. ನನ್ನಲ್ಲಿ ಈಗ ಬಟ್ಟೆಯ ಬ್ಯಾನರು, ಗೋಡೆ ಬರಹ ಹೆಚ್ಚು. ಫ್ಲೆಕ್ಸ್ ಒಯ್ದವರು ಹಳೆಯದನ್ನು ತಂದು ಕೊಟ್ಟರಷ್ಟೇ ಮುಂದಿನದು. ಕೆಲವರು ಬೈದು ಹೋದರು, ಹೋಗಲಿ. ಸುಷ್ಮಾ ಕುಂಚ ಹಿಡಿಯಲು ಕಲಿಯುತ್ತಿದ್ದಾಳೆ. ಇಷ್ಟಕ್ಕೆ ನಾನೇನೋ ದೊಡ್ಡ ಕಂಪನಿಯಾದೆ ಎಂದು ತಿಳಿಯಬೇಡಿ. ಮಷಿನ್ ಇನ್ನೂ ಮುನಿಸಿಕೊಳ್ಳುತ್ತದೆ, ಗಿರಾಕಿ ಇನ್ನೂ ತಲೆ ಅಳೆಯುತ್ತಾರೆ.

ಸಭೆ ಮುಗಿದು ಹೊರಗೆ ಬಂದಾಗ ಕಲ್ಲವ್ವ ನನ್ನ ತೋಳು ಹಿಡಿದು ನಿಲ್ಲಿಸಿದ್ದಳು.

"ತಮ್ಮಾ, ಅದು ಮಣ್ಣಿನ ಬಣ್ಣ. ಎರಡು ಮಳಿಗೆ ಹೋದೀತು."

"ಹೌದ್ರಿ ಆಯಿ, ಹೋಗತೈತಿ."

"ಅದು ಮಾಸಿದ ವರ್ಷ ಬಂದು ತಿದ್ದು. ನಾ ಇರಲಿ, ಬಿಡಲಿ, ತಿದ್ದು. ಆದ್ರ ಅಂದು ಮಂದಿ ಮತ್ತ ಹೂಳು ತಗದಿರಬೇಕು. ತಗೀಲಿಲ್ಲಂದ್ರ ನನ್ನ ಹೆಸರು ಹೋಗಲಿ ಬಿಡು."

ಈ ವರ್ಷದ ಮಳೆ ಮುಗಿದಿದೆ. ಮೊನ್ನೆ ನಾಗವ್ವ ಫೋನು ಮಾಡಿದ್ದಳು. ಗೋಡೆಯ ಮೇಲೆ ಅರ್ಧದಷ್ಟು ಹೆಸರುಗಳು ಮಸುಕಾಗಿವೆಯಂತೆ. ಕಲ್ಲವ್ವ ದೀಪಾವಳಿಗೆ ಮೊದಲೇ ತೀರಿಕೊಂಡಳಂತೆ. ಬರುವ ಭಾನುವಾರ ಹೂಳು ತೆಗೆಯಲು ಜನ ಸೇರುತ್ತಾರೆ, ಮೊದಲ ಬುಟ್ಟಿ ಹಿಡಿಯುತ್ತೇನೆಂದು ಮೇಂಬರರು ತಾವಾಗಿ ಹೇಳಿ ಕಳಿಸಿದ್ದಾರೆ. ಕೆಮ್ಮಣ್ಣು ನೆನೆಹಾಕಿದ್ದೇನೆ. ಅವರ ಹೆಸರು ಎಲ್ಲಿ ಬರೆಯಬೇಕೆಂದು ಗೊತ್ತಿದೆ, ತಾಯಿಯ ಹೆಸರಿನ ಕೆಳಗೆ, ನಾಲ್ಕು ಬೆರಳ ಅಕ್ಷರದಲ್ಲಿ. ಆದರೆ ಮೊದಲು ಅವಳದನ್ನು ತಿದ್ದುತ್ತೇನೆ.